ನೋಡದೆ ಕೈಯಿಡುವ ದೋಷ: ಮಧುಮೇಹಿಯ ಹೃದಯ ಮತ್ತು ಉಪವಾಸ ವ್ರತ

ಪ್ರೋಷಧೋಪವಾಸ ವ್ರತಕ್ಕೆ ಶಾಸ್ತ್ರಕಾರರು ಐದು ಅತಿಚಾರಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಮೊದಲ ಮೂರು ಆಹಾರಕ್ಕೆ ಸಂಬಂಧಿಸಿದವೇ ಅಲ್ಲ. ನೋಡದೆ, ಒರಸದೆ ಮಲಮೂತ್ರಾದಿಗಳನ್ನು ನೆಲದ ಮೇಲೆ ವಿಸರ್ಜಿಸುವುದು. ನೋಡದೆ, ಒರಸದೆ ವಸ್ತುವನ್ನು ಕೈಗೆತ್ತಿಕೊಳ್ಳುವುದು. ನೋಡದೆ, ಒರಸದೆ ಚಾಪೆಯನ್ನು ಹಾಸುವುದು. ವ್ರತದಲ್ಲಿ ಅನಾದರ ಹಾಗೂ ಮರೆವು ಉಳಿದ ಎರಡು. ಹಸಿವನ್ನು ಗೆದ್ದವನೂ ಎಚ್ಚರವನ್ನು ಕಳೆದುಕೊಂಡರೆ ಅವನ ವ್ರತಕ್ಕೆ ಕಳಂಕ ತಟ್ಟುತ್ತದೆ ಎಂಬುದು ಇದರ ಇಂಗಿತ. ಉಪವಾಸದ ಪ್ರಾಣವಿರುವುದು ಬರಿದಾದ ಹೊಟ್ಟೆಯಲ್ಲಲ್ಲ, ತೆರೆದ ಕಣ್ಣಿನಲ್ಲಿ.

ಈ ಮಾತನ್ನು ಇಂದು ಇನ್ನೊಂದು ದಿಕ್ಕಿನಿಂದ ಆಲೋಚಿಸುವ ಅಗತ್ಯ ಒದಗಿದೆ. ಇರುವೆಗೆ ನೋವಾದೀತೆಂದು ಚಾಪೆಯನ್ನು ನೋಡಿ ಹಾಸುವ ಶ್ರಾವಕನು ತನ್ನ ದೇಹವನ್ನು ಮಾತ್ರ ನೋಡದೆಯೇ ತಪಸ್ಸಿಗೆ ಒಡ್ಡಬಹುದೆ? ಕಾಣದ ಅಪಾಯಕ್ಕೆ ಮನುಷ್ಯನು ಹೊಣೆಗಾರನೆ? ಅರಿಯದಿರುವುದು ನಿರ್ದೋಷತೆಯೋ, ಅರಿಯಲು ಪ್ರಯತ್ನಿಸದಿರುವುದೇ ಒಂದು ದೋಷವೋ? ಪ್ರಶ್ನೆಗಳು ಹಳೆಯವು. ಆದರೆ ಮಧುಮೇಹ ಇವುಗಳಿಗೆ ಹೊಸ ತೀಕ್ಷ್ಣತೆಯನ್ನು ತಂದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಸಮೀಕ್ಷೆಯ ಪ್ರಕಾರ ಈ ದೇಶದಲ್ಲಿ ಸುಮಾರು 10 ಕೋಟಿ 10 ಲಕ್ಷ ಜನ ಮಧುಮೇಹಿಗಳಿದ್ದಾರೆ. ಅಂದರೆ ವಯಸ್ಕರಲ್ಲಿ ನೂರಕ್ಕೆ 11ಕ್ಕೂ ಹೆಚ್ಚು ಮಂದಿ. ವ್ರತಧಾರಿಗಳ ಮನೆಗಳು ಈ ಎಣಿಕೆಯಿಂದ ಹೊರಗಿಲ್ಲ.

ಅರವತ್ತು ದಾಟಿದ ಒಬ್ಬ ಗೃಹಿಣಿಯನ್ನು ಕಲ್ಪಿಸಿಕೊಳ್ಳಬಹುದು. ಹನ್ನೆರಡು ವರ್ಷಗಳಿಂದ ಆಕೆಗೆ ಸಕ್ಕರೆ ಕಾಯಿಲೆ. ದಶಲಕ್ಷಣ ಪರ್ವ ಸಮೀಪಿಸಿದೆ. ಬಸದಿಯ ಮೆಟ್ಟಿಲು ಹತ್ತುವಾಗ ಈಚೆಗೆ ಏದುಸಿರು ಬರುತ್ತಿದೆ. ಅದು ವಯಸ್ಸಿನ ದೋಷವೆಂದು ಆಕೆಯ ನಂಬಿಕೆ. ಸೊಸೆ ವೈದ್ಯರಲ್ಲಿಗೆ ಹೋಗೋಣವೆಂದಾಗ ಆಕೆ ಹೇಳುತ್ತಾಳೆ: “ಎದೆನೋವೇ ಇಲ್ಲದ ಮೇಲೆ ಪರೀಕ್ಷೆ ಯಾಕಮ್ಮಾ? ಇಪ್ಪತ್ತು ವರ್ಷದಿಂದ ಬಿಡದೆ ನಡೆಸಿಕೊಂಡು ಬಂದ ಉಪವಾಸ. ಈ ಒಂದು ವರ್ಷ ಬಿಟ್ಟರೆ ಮನಸ್ಸಿಗೆ ಸಮಾಧಾನ ಇರುತ್ತದೆಯೆ?” ಆಕೆಯ ಶ್ರದ್ಧೆ ಪ್ರಶ್ನಾತೀತ. ಆದರೆ ಆಕೆಯ ವಾದದ ಮೊದಲ ವಾಕ್ಯದಲ್ಲೇ ಒಂದು ತಪ್ಪು ಅಡಗಿದೆ.

ನೋವೆಂಬ ಕಾವಲುಗಾರ

ನೋವು ದೇಹದ ಕಾವಲುಗಾರ. ಎಲ್ಲಿ ಕೆಟ್ಟಿದೆಯೋ ಅಲ್ಲಿ ನಿಂತು ಕೂಗುವುದು ಅದರ ಕೆಲಸ. ಆದಕಾರಣ ನೋವಿಲ್ಲದ ಕಡೆ ಕೇಡಿಲ್ಲವೆಂದು ಮನುಷ್ಯ ನಂಬಿಕೊಂಡು ಬಂದಿದ್ದಾನೆ. ಮಧುಮೇಹವು ಈ ನಂಬಿಕೆಯನ್ನು ಮುರಿಯುತ್ತದೆ. ಬಹುಕಾಲ ರಕ್ತದಲ್ಲಿ ಏರಿ ನಿಂತ ಸಕ್ಕರೆ ನರಗಳನ್ನು ಸವೆಸುತ್ತದೆ. ಪಾದದ ನರ ಸವೆದಾಗ ಚಪ್ಪಲಿಯೊಳಗಿನ ಮುಳ್ಳು ತಿಳಿಯದೆ ಹುಣ್ಣಾಗುವುದನ್ನು ಅನೇಕರು ಬಲ್ಲರು. ಅದೇ ಬಗೆಯ ಸವೆತ ಹೃದಯವನ್ನು ನಿಯಂತ್ರಿಸುವ ನರಗಳಿಗೂ ಉಂಟಾಗುತ್ತದೆಂಬುದನ್ನು ಬಲ್ಲವರು ಕಡಿಮೆ.

ಅದರ ಪರಿಣಾಮ ಎರಡು ಬಗೆ. ಮೊದಲನೆಯದಾಗಿ, ಹೃದಯದ ಸ್ನಾಯುವಿಗೆ ರಕ್ತ ಸಾಲದೆ ಹೋದಾಗ ಬರಬೇಕಾದ ಎದೆನೋವು ಮಂದವಾಗುತ್ತದೆ ಅಥವಾ ಬರುವುದೇ ಇಲ್ಲ. ಕೆಲವರಿಗೆ ಏದುಸಿರು, ಅಕಾರಣ ಆಯಾಸ, ವಾಕರಿಕೆ, ತಣ್ಣನೆಯ ಬೆವರು ಇಷ್ಟೇ ಸೂಚನೆ. ಎರಡನೆಯದಾಗಿ, ಬಡಿತದ ಲಯ ಕೆಡುತ್ತದೆ. ವಿಶ್ರಾಂತಿಯಲ್ಲಿದ್ದಾಗಲೂ ನಾಡಿ ನೂರರ ಆಸುಪಾಸಿನಲ್ಲಿ ಓಡುತ್ತಿರುತ್ತದೆ. ಮಲಗಿದ್ದವರು ಎದ್ದು ನಿಂತಾಗ ರಕ್ತದೊತ್ತಡ ಒಮ್ಮೆಗೇ ಕುಸಿದು ಕಣ್ಣು ಕತ್ತಲಿಡುತ್ತದೆ. ಎದ್ದ ಮೂರು ನಿಮಿಷಗಳೊಳಗೆ ಮೇಲಿನ ಒತ್ತಡ 20ರಷ್ಟು ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ವೈದ್ಯರು ಅದನ್ನು ಗಂಭೀರವಾಗಿ ಪರಿಗಣಿಸುತ್ತಾರೆ. ಉಪವಾಸದ ಮೂರನೆಯ ದಿನ ಬಸದಿಯಲ್ಲಿ ತಲೆಸುತ್ತಿ ಕುಳಿತವರನ್ನು ಕಂಡು “ಹಸಿವಿನ ನಿಶ್ಶಕ್ತಿ” ಎನ್ನುವ ವಾಡಿಕೆಯಿದೆ. ಮಧುಮೇಹಿಯ ವಿಷಯದಲ್ಲಿ ಅದು ಕೇವಲ ನಿಶ್ಶಕ್ತಿಯಾಗಿರಲೇಬೇಕೆಂದಿಲ್ಲ.

ಅಮೆರಿಕ ಮತ್ತು ಕೆನಡಾಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹೃದ್ರೋಗದ ಯಾವ ಲಕ್ಷಣವೂ ಇಲ್ಲದ 522 ಮಧುಮೇಹಿಗಳ ಹೃದಯವನ್ನು ವಿಶೇಷ ಚಿತ್ರಣದಿಂದ ಪರೀಕ್ಷಿಸಲಾಯಿತು. ಐವರಲ್ಲಿ ಒಬ್ಬರಿಗಿಂತಲೂ ಹೆಚ್ಚು ಮಂದಿಯಲ್ಲಿ ದೋಷ ಕಂಡುಬಂದಿತು. ಆದರೆ ಇಲ್ಲಿ ಅವಸರದ ತೀರ್ಮಾನ ಸಲ್ಲದು. ಅದೇ ಅಧ್ಯಯನದ ಮುಂದಿನ ವರದಿ 2009ರಲ್ಲಿ ಹೊರಬಂದಾಗ, ಲಕ್ಷಣಗಳಿಲ್ಲದವರೆಲ್ಲರಿಗೂ ಈ ಚಿತ್ರಣವನ್ನು ಮಾಡಿಸುವುದರಿಂದ ಹೃದಯಾಘಾತಗಳೇನೂ ಗಣನೀಯವಾಗಿ ಕಡಿಮೆಯಾಗಲಿಲ್ಲವೆಂದು ತಿಳಿದುಬಂದಿತು. ಆದ್ದರಿಂದ ನೋಡುವುದೆಂದರೆ ಪ್ರತಿಯೊಬ್ಬರೂ ದುಬಾರಿ ಯಂತ್ರದ ಮುಂದೆ ಮಲಗುವುದೆಂದು ಅರ್ಥವಲ್ಲ. ನಾಡಿಯನ್ನು ಎಣಿಸುವುದು, ಮಲಗಿದಾಗ ಮತ್ತು ನಿಂತಾಗ ರಕ್ತದೊತ್ತಡವನ್ನು ಅಳೆಸುವುದು, ಪಾದಗಳನ್ನು ಪರೀಕ್ಷಿಸಿಕೊಳ್ಳುವುದು, ಹೊಸದಾಗಿ ಕಾಣಿಸಿಕೊಂಡ ಏದುಸಿರನ್ನು ವೈದ್ಯರಿಗೆ ಹೇಳುವುದು: ಇಂತಹ ಸರಳವಾದ ನೋಟಗಳೇ ಮೊದಲು ಬೇಕಾದವು.

ಹಲವರಿಗೆ ತಿಳಿಯದ ಕಾರಣಗಳು

ಧೂಮಪಾನ, ರಕ್ತದೊತ್ತಡ, ಕೊಲೆಸ್ಟರಾಲ್, ಬೊಜ್ಜು ಇವು ಹೃದಯಕ್ಕೆ ಶತ್ರುಗಳೆಂಬುದು ಲೋಕವಿದಿತ. ಇವುಗಳ ಹಿಂದೆ ಅಷ್ಟಾಗಿ ಹೆಸರಿಲ್ಲದ ಇನ್ನೊಂದು ಸಾಲು ಇದೆ.

ಅವುಗಳಲ್ಲಿ ಮುಖ್ಯವಾದುದು ಮೂತ್ರದಲ್ಲಿ ಸೋರುವ ಆಲ್ಬುಮಿನ್ ಎಂಬ ಪ್ರೋಟೀನು. ಸೋರಿಕೆ ಮೂತ್ರಪಿಂಡಕ್ಕೆ ಮಾತ್ರ ಸಂಬಂಧಿಸಿದ್ದೆಂದು ಸಾಮಾನ್ಯರ ತಿಳುವಳಿಕೆ. ಆದರೆ ಮೂತ್ರಪಿಂಡದ ಸೂಕ್ಷ್ಮ ರಕ್ತನಾಳಗಳು ಸೋರುತ್ತಿವೆಯೆಂದರೆ ಶರೀರದ ಉಳಿದ ರಕ್ತನಾಳಗಳ ಒಳಪದರವೂ ಸುಸ್ಥಿತಿಯಲ್ಲಿಲ್ಲವೆಂದು ಅರ್ಥ. ಡೆನ್ಮಾರ್ಕಿನ ವೈದ್ಯ ಮೊಗೆನ್ಸನ್ ಅವರು 1984ರಲ್ಲಿಯೇ, ಇಂತಹ ಅಲ್ಪ ಸೋರಿಕೆಯುಳ್ಳ ಮಧುಮೇಹಿಗಳಲ್ಲಿ ಅಕಾಲ ಮರಣ ಹೆಚ್ಚೆಂದು ತೋರಿಸಿಕೊಟ್ಟರು. ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಆಲ್ಬುಮಿನ್ ಇದ್ದರೆ ಅದು ಎಚ್ಚರಿಕೆಯ ಸೂಚನೆ. ಪರೀಕ್ಷೆಗೆ ಬೇಕಾಗುವುದು ಒಂದಿಷ್ಟು ಮೂತ್ರ ಮಾತ್ರ. ಆದರೂ ಅದನ್ನು ವರ್ಷಕ್ಕೊಮ್ಮೆ ಮಾಡಿಸಿಕೊಳ್ಳುವವರು ವಿರಳ.

ಎರಡನೆಯದು ಸ್ತ್ರೀಯರಿಗೆ ಸಂಬಂಧಿಸಿದ್ದು. ಹೃದಯಾಘಾತ ಗಂಡಸರ ರೋಗವೆಂಬ ಭಾವನೆ ಇನ್ನೂ ಅಳಿದಿಲ್ಲ. ಮಧುಮೇಹವು ಸ್ತ್ರೀಗೆ ಪ್ರಕೃತಿ ನೀಡಿದ ರಕ್ಷಣೆಯನ್ನು ಬಹುಮಟ್ಟಿಗೆ ಕಸಿದುಕೊಳ್ಳುತ್ತದೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದಲ್ಲಿ 1948ರಿಂದ ನಡೆದುಬಂದ ಪ್ರಸಿದ್ಧ ಅಧ್ಯಯನದ 1974ರ ವರದಿಯಂತೆ, ಮಧುಮೇಹವಿರುವ ಪುರುಷರಲ್ಲಿ ಹೃದಯದ ವೈಫಲ್ಯ ಇತರರಿಗಿಂತ ಎರಡು ಪಟ್ಟಿಗೂ ಹೆಚ್ಚಾಗಿದ್ದರೆ, ಸ್ತ್ರೀಯರಲ್ಲಿ ಐದು ಪಟ್ಟು ಹೆಚ್ಚಾಗಿತ್ತು. ಎಂಟೂವರೆ ಲಕ್ಷಕ್ಕೂ ಮೀರಿದ ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯೂ, ಮಧುಮೇಹದಿಂದ ಹೆಚ್ಚುವ ಹೃದ್ರೋಗದ ಅಪಾಯವು ಪುರುಷರಿಗಿಂತ ಸ್ತ್ರೀಯರಲ್ಲಿ ನೂರಕ್ಕೆ 44ರಷ್ಟು ಅಧಿಕವೆಂದು ಹೇಳಿತು. ಬಸುರಿಯಾಗಿದ್ದಾಗ ಮಾತ್ರ ಸಕ್ಕರೆ ಏರಿ, ಹೆರಿಗೆಯ ನಂತರ ಇಳಿದುಹೋದವರೂ ಮುಂದೆ ಹೃದ್ರೋಗಕ್ಕೆ ತುತ್ತಾಗುವ ಸಂಭವ ಇತರರಿಗಿಂತ ಸುಮಾರು ಎರಡು ಪಟ್ಟು. ಮೂವತ್ತು ವರ್ಷಗಳ ಹಿಂದಿನ ಆ ಸಂಗತಿಯನ್ನು ಇಂದು ಯಾವ ಅತ್ತೆಯೂ ತಾನಾಗಿ ವೈದ್ಯರಿಗೆ ಹೇಳುವುದಿಲ್ಲ, ವೈದ್ಯರೂ ಎಲ್ಲ ಸಲ ಕೇಳುವುದಿಲ್ಲ. ಮನೆಯಲ್ಲಿ ಉಪವಾಸಗಳ ಭಾರವನ್ನು ಬಹುಪಾಲು ಹೊರುವವರು ಸ್ತ್ರೀಯರೇ ಎಂಬುದನ್ನು ಇದರೊಡನೆ ನೆನೆಯಬೇಕು.

ಮೂರನೆಯದು ತೆಳ್ಳಗಿನ ದೇಹದ ಭ್ರಮೆ. ಪುಣೆಯ ವೈದ್ಯ ಯಾಜ್ಞಿಕರೂ ಇಂಗ್ಲೆಂಡಿನ ವೈದ್ಯ ಯುಡ್ಕಿನ್ನರೂ 2004ರಲ್ಲಿ ತಮ್ಮಿಬ್ಬರ ಭಾವಚಿತ್ರವನ್ನೇ ಪ್ರಕಟಿಸಿ ಒಂದು ಸತ್ಯವನ್ನು ಲೋಕಕ್ಕೆ ತೋರಿಸಿದರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕದಲ್ಲಿ ಇಬ್ಬರೂ ಒಂದೇ, 22.3. ಆದರೆ ಆಂಗ್ಲ ವೈದ್ಯರ ದೇಹದಲ್ಲಿ ಕೊಬ್ಬು ನೂರಕ್ಕೆ 9.1ರಷ್ಟಿದ್ದರೆ ಭಾರತೀಯ ವೈದ್ಯರಲ್ಲಿ 21.2ರಷ್ಟಿತ್ತು. ಆದ್ದರಿಂದ ತಕ್ಕಡಿಗಿಂತ ಸೊಂಟಕ್ಕೆ ಸುತ್ತುವ ಅಳತೆಪಟ್ಟಿ ಹೆಚ್ಚು ಸತ್ಯ ಹೇಳುತ್ತದೆ. ಭಾರತೀಯ ಪುರುಷರಿಗೆ 90 ಸೆಂಟಿಮೀಟರ್, ಸ್ತ್ರೀಯರಿಗೆ 80 ಸೆಂಟಿಮೀಟರ್ ಎಂಬುದು ಮೇರೆ. ತಾನು ಕೃಶನಾಗಿರುವುದರಿಂದ ನಿರ್ಭಯನೆಂದು ತಿಳಿಯುವ ಉಪವಾಸಿಗೆ ಈ ಸಂಗತಿ ಗೊತ್ತಿರಬೇಕು.

ಉಳಿದವನ್ನು ಸಂಕ್ಷೇಪವಾಗಿ ಹೇಳಬಹುದು. ನಿದ್ದೆಯಲ್ಲಿ ಗೊರಕೆಯ ನಡುವೆ ಉಸಿರು ಆಗಾಗ ನಿಂತುಹೋಗುವುದು, ಒಸಡಿನ ದೀರ್ಘಕಾಲದ ಸೋಂಕು, ಯಕೃತ್ತಿನಲ್ಲಿ ಶೇಖರವಾಗುವ ಕೊಬ್ಬು, ಹೊರಗೆ ತೋರದ ಮನಸ್ಸಿನ ಖಿನ್ನತೆ ಇವೆಲ್ಲ ಮಧುಮೇಹಿಯ ಹೃದ್ರೋಗದೊಂದಿಗೆ ಸಂಬಂಧವುಳ್ಳವೆಂದು ಕಂಡುಬಂದಿದೆ. ಸಂಬಂಧವಿರುವುದೆಲ್ಲ ಕಾರಣವೇ ಆಗಿರಬೇಕೆಂದಿಲ್ಲ. ಒಸಡಿನ ವಿಷಯದಲ್ಲಂತೂ ಅದು ಇನ್ನೂ ಸಿದ್ಧಪಟ್ಟಿಲ್ಲ. ವಂಶದಿಂದ ಬರುವ ಲೈಪೊಪ್ರೋಟೀನ್-ಎ ಎಂಬ ಕೊಬ್ಬಿನ ಕಣವೂ ಇದೆ. ಪಥ್ಯದಿಂದ ಅದು ಇಳಿಯುವುದಿಲ್ಲ. ಬಾಲ್ಯದಿಂದ ಶುದ್ಧ ಸಸ್ಯಾಹಾರಿಯಾದವನ ರಕ್ತದಲ್ಲೂ ಅದು ಏರಿರಬಹುದು. ಸಾತ್ವಿಕ ಆಹಾರವೊಂದೇ ಎಲ್ಲ ರೋಗಕ್ಕೂ ಕವಚವೆಂಬ ಆತ್ಮವಿಶ್ವಾಸಕ್ಕೆ ಇದು ವಿನಯವನ್ನು ಕಲಿಸುತ್ತದೆ.

ಸಕ್ಕರೆ ಇಳಿದಾಗ

ಉಪವಾಸಕ್ಕೆ ನೇರವಾಗಿ ತಾಗುವ ಕಾರಣ ಇನ್ನೊಂದಿದೆ. ಸಕ್ಕರೆ ಏರುವುದಕ್ಕೆ ಅಂಜುವ ಜನ ಅದು ಇಳಿಯುವುದಕ್ಕೆ ಅಂಜುವುದಿಲ್ಲ. ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆಗಳನ್ನು ಸೇವಿಸುವವರು ಆಹಾರವನ್ನು ಬಿಟ್ಟಾಗ ರಕ್ತದ ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗಿಳಿಯಬಹುದು. ಆಗ ದೇಹವು ಅಡ್ರಿನಲಿನ್ ಎಂಬ ರಸವನ್ನು ಸುರಿಸುತ್ತದೆ. ಹೃದಯ ವೇಗವಾಗಿ ಬಡಿಯುತ್ತದೆ, ಅದರ ವಿದ್ಯುತ್ ಲಯ ಏರುಪೇರಾಗುತ್ತದೆ. ಮೊದಲೇ ದುರ್ಬಲವಾದ ಹೃದಯಕ್ಕೆ ಇದು ಪ್ರಾಣಾಂತಿಕವೂ ಆಗಬಹುದು. ಪದೇ ಪದೇ ಹೀಗಾದವರಲ್ಲಿ ನಡುಕ, ಬೆವರು ಮೊದಲಾದ ಮುನ್ಸೂಚನೆಗಳೂ ಅಡಗಿಹೋಗುತ್ತವೆ. ಇಲ್ಲಿಯೂ ಕಾವಲುಗಾರ ನಿದ್ರಿಸುತ್ತಾನೆ.

ಉತ್ತರ ಅಮೆರಿಕದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಧುಮೇಹಿಗಳ ಮೇಲೆ ನಡೆದ ಒಂದು ಪ್ರಯೋಗದಲ್ಲಿ, ಸಕ್ಕರೆಯನ್ನು ಅತ್ಯಂತ ಬಿಗಿಯಾಗಿ ಇಳಿಸಿದವರ ಗುಂಪಿನಲ್ಲಿ ಸಾವುಗಳು ಹೆಚ್ಚಾದುದನ್ನು ಕಂಡು 2008ರಲ್ಲಿ ಆ ಕ್ರಮವನ್ನು ಅವಧಿಗೆ ಮುನ್ನವೇ ನಿಲ್ಲಿಸಬೇಕಾಯಿತು. ಅದಕ್ಕೆ ಸಕ್ಕರೆಯ ಕುಸಿತವೊಂದೇ ಕಾರಣವೆಂದು ಸಾಧಿತವಾಗಿಲ್ಲ. ಆದರೂ ಒಳ್ಳೆಯದೂ ಅತಿಯಾದರೆ ಹಿತವಲ್ಲವೆಂಬ ಪಾಠ ಅದರಲ್ಲಿದೆ. ರಂಜಾನ್ ಉಪವಾಸವನ್ನು ಆಚರಿಸುವ ಮಧುಮೇಹಿಗಳನ್ನು ಕುರಿತು 13 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನು ಪುಷ್ಟೀಕರಿಸುತ್ತದೆ. ವಯಸ್ಕರಲ್ಲಿ ಬರುವ ಸಾಮಾನ್ಯ ಬಗೆಯ ಮಧುಮೇಹವುಳ್ಳವರಲ್ಲಿ ತೀವ್ರ ಸಕ್ಕರೆ ಕುಸಿತದ ಪ್ರಸಂಗಗಳು ಆ ತಿಂಗಳಲ್ಲಿ ಸುಮಾರು ಏಳೂವರೆ ಪಟ್ಟು ಹೆಚ್ಚಿದ್ದವು.

ನೀರನ್ನೂ ಬಿಟ್ಟ ಉಪವಾಸದಲ್ಲಿ ದೇಹದ ದ್ರವ ಕಡಿಮೆಯಾಗಿ ರಕ್ತದೊತ್ತಡ ಇಳಿಯುತ್ತದೆ, ಮೂತ್ರಪಿಂಡಕ್ಕೆ ಪೆಟ್ಟಾಗುತ್ತದೆ. ಈಚಿನ ಔಷಧಗಳಲ್ಲೂ ಒಂದು ವಿರೋಧಾಭಾಸವಿದೆ. ‘ಗ್ಲಿಫ್ಲೋಜಿನ್’ ಎಂದು ಹೆಸರು ಕೊನೆಗೊಳ್ಳುವ ಮಾತ್ರೆಗಳಲ್ಲಿ ಒಂದು ಹೃದ್ರೋಗವಿರುವ ಮಧುಮೇಹಿಗಳ ಸಾವನ್ನು ಕಡಿಮೆ ಮಾಡುತ್ತದೆಂದು 2015ರಲ್ಲಿ ಸಿದ್ಧವಾಯಿತು. ಅದೇ ವರ್ಗದ ಮಾತ್ರೆಯನ್ನು ನುಂಗಿ ಆಹಾರ ತ್ಯಜಿಸಿದರೆ, ಸಕ್ಕರೆ ಹೆಚ್ಚೇನೂ ಏರದೆಯೇ ರಕ್ತ ಆಮ್ಲೀಯವಾಗುವ ಅಪಾಯವುಂಟು. ಹೃದಯವನ್ನು ಕಾಯುವ ಮಾತ್ರೆ ಉಪವಾಸದ ದಿನ ಶತ್ರುವಾಗಬಹುದು. ಹಾಗೆಂದು ಯಾರೂ ತಾವಾಗಿಯೇ ಔಷಧವನ್ನು ನಿಲ್ಲಿಸಲೂಬಾರದು. ವ್ರತದ ಸಂಕಲ್ಪಕ್ಕೆ ಮುಂಚೆ ವೈದ್ಯರೊಡನೆ ಮಾತನಾಡುವುದೊಂದೇ ದಾರಿ.

ಎರಡು ಆಕ್ಷೇಪಗಳು

ಇಲ್ಲಿ ಧರ್ಮಜಿಜ್ಞಾಸುವು ಎರಡು ಆಕ್ಷೇಪಗಳನ್ನು ಎತ್ತಬಹುದು. ಮೊದಲನೆಯದು: ದೇಹ ಬೇರೆ, ಆತ್ಮ ಬೇರೆ ಎಂಬ ಭೇದವಿಜ್ಞಾನವನ್ನು ಸಾಧಿಸಹೊರಟವನಿಗೆ ದೇಹದ ಈ ಆರೈಕೆ ಮಮಕಾರವಲ್ಲವೆ? ಮಮಕಾರವೆಂದರೆ ಮೂರ್ಛೆ, ಅಂಟಿಕೊಳ್ಳುವಿಕೆ. ಆದರೆ ಉಪಕರಣವನ್ನು ಒರಸಿಡುವವನು ಅದಕ್ಕೆ ಅಂಟಿಕೊಂಡವನಲ್ಲ. ಹೊಳೆ ದಾಟುವವನು ದೋಣಿಯ ಬಿರುಕನ್ನು ನೋಡಿಕೊಳ್ಳುವುದು ದೋಣಿಯ ಮೇಲಿನ ಮೋಹದಿಂದಲ್ಲ. ಇಪ್ಪತ್ತು ವರ್ಷದ ದಾಖಲೆ ಮುರಿಯಬಾರದೆಂಬ ಹಟದಲ್ಲಿ ಮಾತ್ರ ಮಮಕಾರವಿದೆ. ಅದು ದೇಹವನ್ನು ಬಿಟ್ಟು ಕೀರ್ತಿಗೆ ಅಂಟಿಕೊಂಡ ಮಮಕಾರ. ದೇಹದ ಮಮತೆಯನ್ನು ತೊರೆಯಲೆಂದು ಕೈಗೊಂಡ ಉಪವಾಸವು ‘ನನ್ನ ಉಪವಾಸ’ ಎಂಬ ಮಮತೆಯಾಗಿ ತಿರುಗಿದರೆ ಸಾಧಿಸಿದ್ದೇನು?

ಎರಡನೆಯದು: ಆಯುಷ್ಯ ಕರ್ಮಾಧೀನ; ಬರುವುದು ಬಂದೇ ಬರುತ್ತದೆ, ಪರೀಕ್ಷೆಯಿಂದ ಪ್ರಯೋಜನವೇನು? ತತ್ತ್ವಾರ್ಥಸೂತ್ರವು ಇದಕ್ಕೆ ಅವಕಾಶ ಕೊಡುವುದಿಲ್ಲ. ದೇವ-ನಾರಕರು, ಚರಮದೇಹಧಾರಿಗಳು, ಅಸಂಖ್ಯಾತ ವರ್ಷದ ಆಯುಷ್ಯವುಳ್ಳವರು ಇವರ ಆಯುಷ್ಯವನ್ನು ಮಾತ್ರ ಅದು ಮೊಟಕಾಗಲಾರದ್ದೆಂದು ಎಣಿಸುತ್ತದೆ. ಉಳಿದವರ ಆಯುಷ್ಯ ವಿಷ, ಶಸ್ತ್ರ ಮುಂತಾದ ನಿಮಿತ್ತಗಳಿಂದ ನಡುವೆಯೇ ತುಂಡಾಗಬಲ್ಲದು. ಸಾಮಾನ್ಯ ಶ್ರಾವಕನು ಈ ಎರಡನೆಯ ವರ್ಗದವನು. ನಿಮಿತ್ತವನ್ನು ತಡೆಯುವ ಸಾಧ್ಯತೆಯಿದ್ದೂ ತಡೆಯದೆ ಕರ್ಮದ ಮೇಲೆ ಹೊರಿಸುವುದು ತತ್ತ್ವಜ್ಞಾನವಲ್ಲ, ಆಲಸ್ಯ. ಪ್ರಮಾದದಿಂದ ಪ್ರಾಣಗಳಿಗೆ ಹಾನಿಮಾಡುವುದೇ ಹಿಂಸೆ ಎಂಬ ಲಕ್ಷಣದಲ್ಲಿ ‘ಇತರರ ಪ್ರಾಣ’ ಎಂಬ ಕಟ್ಟಳೆಯಿಲ್ಲ. ಅರಿಯಲು ಸಾಧನವೇ ಇಲ್ಲದಿದ್ದಾಗ ಅರಿಯದವನು ನಿರ್ದೋಷಿ. ಸಾಧನ ಕೈಗೆಟುಕುವಂತಿದ್ದೂ ಕಣ್ಣು ಮುಚ್ಚಿದವನ ಅಜ್ಞಾನವು ಪ್ರಮಾದವೇ ಸರಿ.

ಶಕ್ತಿಯನ್ನರಿತ ತಪಸ್ಸು

ಹಾಗಾದರೆ ಮಧುಮೇಹಿಯು ತಪಸ್ಸಿನಿಂದ ವಂಚಿತನೆ? ಎಂದಿಗೂ ಅಲ್ಲ. ತೀರ್ಥಂಕರತ್ವಕ್ಕೆ ಕಾರಣವಾದ ಹದಿನಾರು ಭಾವನೆಗಳಲ್ಲಿ ತ್ಯಾಗ ಮತ್ತು ತಪಸ್ಸುಗಳನ್ನು ಹೇಳುವಾಗ ಸೂತ್ರಕಾರರು ‘ಶಕ್ತಿಗೆ ತಕ್ಕಂತೆ’ ಎಂಬ ವಿಶೇಷಣವನ್ನು ಸೇರಿಸಿರುವುದು ಅಕಾರಣವಲ್ಲ. ಬಾಹ್ಯ ತಪಸ್ಸು ಆರು. ಅನಶನವು ಅವುಗಳಲ್ಲಿ ಒಂದು ಮಾತ್ರ. ಹೊಟ್ಟೆಗೆ ಹಿಡಿಯುವುದಕ್ಕಿಂತ ಕಡಿಮೆ ಉಣ್ಣುವ ಅವಮೌದರ್ಯ, ಉಪ್ಪು-ತುಪ್ಪ-ಸಕ್ಕರೆಗಳನ್ನು ತೊರೆಯುವ ರಸಪರಿತ್ಯಾಗ ಇವು ಮಧುಮೇಹಿಗೆಂದೇ ಹೇಳಿಟ್ಟಂತಿವೆ. ಅನಂತ ಚತುರ್ದಶಿಯ ನಿರಾಹಾರಕ್ಕಿಂತ ವರ್ಷವಿಡೀ ಉಪ್ಪನ್ನೂ ಸಿಹಿಯನ್ನೂ ಮಿತಗೊಳಿಸುವುದು ಕಠಿನತರವೆಂಬುದನ್ನು ಪ್ರಯತ್ನಿಸಿದವರೇ ಬಲ್ಲರು. ಆ ತಪಸ್ಸನ್ನು ಯಾರೂ ಮೆರವಣಿಗೆಯಲ್ಲಿ ಕೊಂಡಾಡುವುದಿಲ್ಲ, ಅಷ್ಟೆ.

ರಾತ್ರಿಭೋಜನ ತ್ಯಾಗಿಯಾದ ಮಧುಮೇಹಿಗೆ ನಡುರಾತ್ರಿಯಲ್ಲಿ ಸಕ್ಕರೆ ಕುಸಿದರೆ ಏನು ಗತಿ ಎಂಬ ಪ್ರಶ್ನೆಯನ್ನೂ ಮೊದಲೇ ಇತ್ಯರ್ಥಗೊಳಿಸಿಕೊಳ್ಳಬೇಕು. ಶ್ವೇತಾಂಬರ ಸಂಪ್ರದಾಯದ ಪ್ರತ್ಯಾಖ್ಯಾನಗಳಲ್ಲಿ ‘ಆಗಾರ’ಗಳೆಂಬ ವಿನಾಯಿತಿಗಳನ್ನು ಸಂಕಲ್ಪದೊಡನೆಯೇ ಉಚ್ಚರಿಸುವ ಪದ್ಧತಿಯುಂಟು. ತೀವ್ರ ವ್ಯಾಧಿಯಲ್ಲಿ ಚಿತ್ತಸಮಾಧಿಗಾಗಿ ಔಷಧ ಸೇವನೆಯ ವಿನಾಯಿತಿ ಅವುಗಳಲ್ಲೊಂದು. ಯಾವ ಸಂಪ್ರದಾಯದವರೇ ಆಗಲಿ, ವ್ರತ ಕೊಡುವ ಗುರುಗಳ ಮುಂದೆ ತಮ್ಮ ರೋಗವನ್ನು ಮುಚ್ಚಿಡದೆ ನಿವೇದಿಸಿ ಮೊದಲೇ ಮೇರೆಯನ್ನು ಗೊತ್ತುಮಾಡಿಕೊಂಡರೆ, ಅಪತ್ಕಾಲದಲ್ಲಿ ಮೂರು ಚಮಚ ಸಕ್ಕರೆ ಕದಡಿದ ನೀರು ವ್ರತಭಂಗದ ಪರಿತಾಪವನ್ನು ತರುವುದಿಲ್ಲ. ವ್ರತ ಕೊಡುವವರಿಗೂ ಕೇಳುವ ಹೊಣೆಯಿದೆ. ಮನೆಯವರಿಗೂ ಹೊಣೆಯಿದೆ: ಬೆರಳು ಚುಚ್ಚಿ ಸಕ್ಕರೆ ನೋಡುವ ಸೊಸೆ, ರಾತ್ರಿ ಎದ್ದು ವಿಚಾರಿಸುವ ಮಗ ಇಬ್ಬರೂ ಆಚರಿಸುತ್ತಿರುವುದು ವೈಯಾವೃತ್ಯವೆಂಬ ಅಂತರಂಗ ತಪಸ್ಸನ್ನೇ.

ಸಮಂತಭದ್ರಾಚಾರ್ಯರ ಕಥೆ ಕನ್ನಡ ನಾಡಿನ ಜೈನರಿಗೆ ಚಿರಪರಿಚಿತ. ಎಷ್ಟು ಉಂಡರೂ ತಣಿಯದ ಭಸ್ಮಕ ವ್ಯಾಧಿ ಅವರನ್ನು ಹಿಡಿಯಿತು. ಮುನಿಚರ್ಯೆ ಅಸಾಧ್ಯವೆಂದು ಕಂಡು ಅವರು ಸಲ್ಲೇಖನಕ್ಕೆ ಅನುಜ್ಞೆ ಬೇಡಿದರು. ಗುರುಗಳು ಒಪ್ಪಲಿಲ್ಲ. ಮೊದಲು ರೋಗವನ್ನು ಕಳೆದುಕೊಳ್ಳುವಂತೆ ಆಜ್ಞಾಪಿಸಿದರು. ಅಂತಹ ಮಹಾತ್ಮರು ದೀಕ್ಷೆಯನ್ನೇ ತಾತ್ಕಾಲಿಕವಾಗಿ ಬಿಟ್ಟು, ಉಂಡು, ಗುಣಹೊಂದಿ, ಮರಳಿ ದೀಕ್ಷೆ ತಳೆದರೆಂದು ಪರಂಪರೆ ಹೇಳುತ್ತದೆ. ರೋಗದ ನಿಮಿತ್ತ ಸಲ್ಲೇಖನವನ್ನು ಕೈಗೊಳ್ಳಬೇಕಾದರೆ ಆ ರೋಗವು ಪ್ರತೀಕಾರವಿಲ್ಲದ್ದಾಗಿರಬೇಕೆಂದು ‘ರತ್ನಕರಂಡಕ’ದಲ್ಲಿ ಅವರೇ ನಿಯಮಿಸಿದ್ದಾರೆ. ಪ್ರತೀಕಾರವುಳ್ಳ ರೋಗಕ್ಕೆ ಪ್ರತೀಕಾರ ಮಾಡಿಕೊಳ್ಳುವುದು ಧರ್ಮದಿಂದ ಜಾರುವುದಲ್ಲ, ಧರ್ಮಕ್ಕೆ ಮರಳುವ ದಾರಿ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಮಧುಮೇಹಿಯ ಹೃದಯಕ್ಕೂ ಪ್ರತೀಕಾರವುಂಟು. ಡೆನ್ಮಾರ್ಕಿನಲ್ಲಿ 160 ರೋಗಿಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಕ್ಕರೆ, ರಕ್ತದೊತ್ತಡ, ಕೊಲೆಸ್ಟರಾಲ್, ನಡೆವಳಿಕೆ ಎಲ್ಲವನ್ನೂ ಒಟ್ಟಿಗೆ ತಿದ್ದಿದಾಗ ಹೃದಯ ಮತ್ತು ರಕ್ತನಾಳಗಳ ಅವಘಡಗಳು ಅರ್ಧದಷ್ಟು ತಗ್ಗಿದವು.

ಆ ಗೃಹಿಣಿಯ ವಿಷಯಕ್ಕೆ ಮರಳಿದರೆ, ಆಕೆಯ ಮುಂದಿರುವುದು ವ್ರತ ಬೇಕೋ ಬೇಡವೋ ಎಂಬ ಆಯ್ಕೆಯಲ್ಲ. ಏದುಸಿರಿನ ಕಾರಣವನ್ನು ಪರ್ವಕ್ಕೆ ಮುನ್ನವೇ ತಿಳಿದುಕೊಂಡು, ವೈದ್ಯರು ಅನುಮತಿಸಿದಷ್ಟನ್ನು ಸಂಕಲ್ಪಿಸಿ, ಅವರು ಬೇಡವೆಂದಲ್ಲಿ ಹೊತ್ತಿಗೆ ಸರಿಯಾಗಿ ಮಿತವಾಗಿ ಉಂಡು, ಹತ್ತು ದಿನವೂ ಸ್ವಾಧ್ಯಾಯದಲ್ಲಿ ಕುಳಿತರೆ ಆಕೆಯ ದಶಲಕ್ಷಣಕ್ಕೆ ಯಾವ ಊನವೂ ಇಲ್ಲ. ಮನಸ್ಸಿಗೆ ಸಮಾಧಾನವಿರುತ್ತದೆಯೆ ಎಂದು ಆಕೆ ಕೇಳಿದ್ದಳು. ಹಟ ಬಿಡುವಾಗ ಆಗುವ ಆ ಸಂಕಟವೇ ಈ ವರ್ಷ ಆಕೆ ಸಹಿಸಬೇಕಾದ ಪರೀಷಹವೆಂದು ತಿಳಿಯಬಹುದು. ಹಸಿವಿಗಿಂತ ಅದನ್ನು ಸಹಿಸುವುದು ಕಷ್ಟ. ಚಾಪೆಯನ್ನು ನೋಡಿ ಹಾಸಿದಂತೆಯೇ ದೇಹವನ್ನೂ ನೋಡಿ ವ್ರತಕ್ಕೆ ಅಣಿಗೊಳಿಸಿದವರ ಉಪವಾಸ ನಿರತಿಚಾರವಾಗುತ್ತದೆ.